ಹೇಳಿಕೆ

2007ರ ಡಿಸೆಂಬರ್, ಶಿರಸಿ ಸೀಮೆಯಲ್ಲಿ ಅಡಿಕೆ ಸುಲಿಯೋ ಕಾಲ. ದೊಡ್ಡಾಯಿ ಮನೆ ಅಂಗಳದ ಚಪ್ಪರದ ಕೆಳಗೆ ರಾತ್ರಿ ಊಟ ಆದ್ಮೇಲೆ ಎಲ್ರೂ ಮೆಟ್ಟುಗತ್ತಿ ಇಟ್ಕೊಂಡು ಕೂತಿದ್ವಿ, ಹನ್ನೊಂದರ ಹೊತ್ತಿಗೆ ಒಬ್ಬೊಬ್ರೇ ಎದ್ದು ಮಲಗೋಕೆ ಹೋದ್ರು, ಕೊನೆಗೆ ಉಳಿದಿದ್ದು ನಾನು ಮತ್ತೆ ಅಕ್ಕ. ಅಕ್ಕ ಅಂದ್ರೆ ದೊಡ್ಡಾಯಿ ಮಗಳು, ನನಗಿಂತ ಮೂರು ವರ್ಷ ದೊಡ್ಡೋಳು, ಆಗ ಅವಳಿಗೆ ಇಪ್ಪತ್ತೆರಡು. ಒಂದು ಕಾಯಿ ಸುಲಿದು ಬುಟ್ಟಿಗೆ ಹಾಕಿ ಇನ್ನೊಂದು ಕೈಗೆ ತಗೊಂಡು ತಲೆ ಎತ್ತದೇ ಹೇಳಿದ್ಳು, "ಅವು ಸರಿ ಇಲ್ಲೆ." ಊರಿನ ಗಂಡಸೊಬ್ರ ಹೆಸರು ಹೇಳಿದ್ಳು, ನಮ್ಮ ಕಡೆ ಮಾತಲ್ಲಿ ಅವರು ಅನ್ನೋದಕ್ಕೆ ಅವು ಅಂತೀವಿ. ಆಮೇಲೆ ಒಂದು ಮಧ್ಯಾಹ್ನದ ಬಗ್ಗೆ ಹೇಳೋಕೆ ಶುರು ಮಾಡಿದ್ಳು, ಕರೆಂಟ್ ಹೋಗಿತ್ತು ಅಂದ್ಳು, ಅವ್ರ ಮನೆ ಹಿಂದಿನ ಕೋಣೆಯಲ್ಲಿ ಬಾಳೆಗೊನೆ ಕಟ್ಟಿದ್ರು ಅಂದ್ಳು, ಬಾಗಿಲು ಅಂದ್ಳು, ಮತ್ತೆ ತಿರುಗಿ ಕರೆಂಟಿಗೇ ಬಂದ್ಳು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ.

"ಹೌದನೇ? ಅವು ಹಂಗೆ ಮಾಡಿದ್ವಾ?"

ಅವಳ ಕೈ ನಿಂತೋಯ್ತು. ನನ್ನ ಮುಖ ನೋಡಿದ್ಳು, ಎಷ್ಟು ಹೊತ್ತು ನೋಡಿದ್ಳೋ ಗೊತ್ತಿಲ್ಲ. "ಇಲ್ಲೆ, ಸುಮ್ನೆ ಹೇಳ್ದಿ, ಬಿಡು" ಅಂದು ಮತ್ತೆ ಸುಲಿಯೋಕೆ ಶುರು ಮಾಡಿದ್ಳು. ಬೆಳಿಗ್ಗೆ ಎದ್ದಾಗ ಇಬ್ಬರ ಕೈಯೂ ಚೊಗರು ಹತ್ತಿ ಕಪ್ಪಾಗಿತ್ತು, ತಿಂಡಿಗೆ ಕೂತ್ವಿ, ಆ ಮಾತು ಮುಗಿದೇ ಹೋಯ್ತು.

ಇದನ್ನ ಬರೆಯೋಕೆ ಅಕ್ಕನೇ ಹೂಂ ಅಂದಿದ್ದಾಳೆ. ಗುರುತು ಹಿಡಿಯೋ ಥರದ್ದನ್ನೆಲ್ಲ ಬದಲಿಸಿದ್ದೇನೆ, ಯಾರು ಯಾವ ಊರು ಅಂತ ದಯವಿಟ್ಟು ಹುಡುಕೋಕೆ ಹೋಗ್ಬೇಡಿ. ನನಗೆ ಬರೀಬೇಕಾಗಿರೋದು ನಾನು ಆಡಿದ "ಹೌದನೇ" ಅನ್ನೋ ಆ ಒಂದು ಶಬ್ದದ ಬಗ್ಗೆ. ಸುಮಾರು ಆರೇಳು ವರ್ಷದಿಂದ ಸ್ತ್ರೀವಾದಿ ತತ್ವಶಾಸ್ತ್ರ ಕೈಗೆ ಸಿಕ್ಕಷ್ಟು ಓದ್ತಾ ಬಂದಿದ್ದೇನೆ, ಓದಿದ್ದರಲ್ಲಿ ಅರ್ಧಕ್ಕರ್ಧ ಆ ಶಬ್ದ ಯಾಕೆ ನನ್ನ ಬಾಯಿಗೆ ಬಂತು ಅಂತ ತಿಳ್ಕೊಳ್ಳೋಕೇ ಓದಿದ್ದು.

ನಾನೀಗ ಇರೋದು ಕುಮಟಾದಲ್ಲಿ. ಮಳೆಗಾಲದಲ್ಲಿ ಶಿರಸಿಗೆ ಹೊರಟು ಬಸ್ ಸ್ಟ್ಯಾಂಡಲ್ಲಿ ನಿಂತಿರ್ತೇನೆ, ಮುಖಪರಿಚಯಾನೂ ಇಲ್ಲದ ಯಾರೋ ಒಬ್ರು "ದೇವಿಮನೆ ಘಾಟಲ್ಲಿ ಗುಡ್ಡ ಕುಸಿದಿದೆಯಂತೆ, ಬಸ್ ಬಿಡ್ತಿಲ್ಲ" ಅಂತಾರೆ, ಅಷ್ಟೇ ಸಾಕು, ನಾನು ಬ್ಯಾಗ್ ಎತ್ಕೊಂಡು ಮನೆಗೆ ವಾಪಸ್ ಹೋಗ್ತೇನೆ. ನೀವು ಕಣ್ಣಾರೆ ನೋಡಿದ್ರಾ, ಜೊತೆಗೆ ಯಾರಿದ್ರು, ಇಷ್ಟು ಹೊತ್ತು ಯಾಕೆ ಹೇಳ್ಲಿಲ್ಲ, ನೀವಾದ್ರೂ ಆ ಹೊತ್ತಲ್ಲಿ ಘಾಟಿಗೆ ಯಾಕೆ ಹೋದ್ರಿ, ಇದ್ಯಾವುದನ್ನೂ ಕೇಳಲ್ಲ. ನನ್ನ ಹುಟ್ಟಿದ ದಿನ ನನಗೆ ಗೊತ್ತಿರೋದು ಆಯಿ ಹೇಳಿದ್ದರಿಂದ. ಅಜ್ಜ ಸತ್ತಿದ್ದು ಎದೆನೋವಿಂದ ಅಂತ ಗೊತ್ತಿರೋದು ಪಕ್ಕದಲ್ಲಿದ್ದವರು ಹೇಳಿದ್ದರಿಂದ. ನಮಗೆ ಗೊತ್ತು ಅಂತ ನಾವು ಅನ್ಕೊಂಡಿರೋದರಲ್ಲಿ ಮುಕ್ಕಾಲು ಪಾಲು ಬೇರೆಯವರ ಬಾಯಿಂದ ಬಂದಿದ್ದು, ಅದನ್ನೆಲ್ಲ ತಕ್ಕಡಿಗೆ ಹಾಕದೇ ತಗೊಂಡಿದ್ದೇವೆ, ತಗೊಳ್ಳದೇ ಇದ್ರೆ ಒಂದು ದಿನಾನೂ ಬದುಕೋಕಾಗಲ್ಲ. ಹೆಣ್ಣೊಬ್ಬಳು ತನ್ನ ಮೇಲೆ ಬಲಾತ್ಕಾರ ಆಯ್ತು ಅಂತ ಹೇಳೋ ಈ ಒಂದು ವಿಷಯಕ್ಕೆ ಮಾತ್ರ ನಮ್ಮ ಹತ್ರ ಬೇರೆಯದೇ ತಕ್ಕಡಿ ಇದೆ.

ನನ್ನ ಸೋದರಮಾವ ತರ್ಕ ಓದಿದವ್ರು. ಚಿಕ್ಕೋಳಿದ್ದಾಗ ಅವರ ಹತ್ರ ಪ್ರಮಾಣ, ಅಂದ್ರೆ ಸರಿಯಾಗಿ ತಿಳಿಯೋ ದಾರಿ, ನಾಲ್ಕು ಅಂತ ಬಾಯಿಪಾಠ ಮಾಡಿದ್ದೆ, ಪ್ರತ್ಯಕ್ಷ ಅಂದ್ರೆ ಕಂಡು ತಿಳಿದಿದ್ದು, ಅನುಮಾನ ಅಂದ್ರೆ ಊಹಿಸಿ ತಿಳಿದಿದ್ದು, ಉಪಮಾನ ಅಂದ್ರೆ ಹೋಲಿಕೆಯಿಂದ ತಿಳಿದಿದ್ದು, ಶಬ್ದ ಅಂದ್ರೆ ಬೇರೆಯವರ ಮಾತಿಂದ ತಿಳಿದಿದ್ದು. ತರ್ಕಶಾಸ್ತ್ರದ ಮೂಲಗ್ರಂಥ ನ್ಯಾಯಸೂತ್ರದಲ್ಲಿ ಶಬ್ದಕ್ಕೆ ಕೊಟ್ಟಿರೋ ಲಕ್ಷಣ ಎರಡೇ ಪದ, ಆಪ್ತೋಪದೇಶಃ ಶಬ್ದಃ. ಆಪ್ತ ಹೇಳಿದ್ದು ಪ್ರಮಾಣ. ಆಪ್ತ ಅಂದ್ರೆ ಯಾರು? ವಾತ್ಸ್ಯಾಯನ ತನ್ನ ಭಾಷ್ಯದಲ್ಲಿ ಹೇಳೋದು, ವಿಷಯವನ್ನ ನೇರವಾಗಿ ಕಂಡುಕೊಂಡವನು, ಕಂಡಿದ್ದನ್ನ ಕಂಡ ಹಾಗೇ ಹೇಳೋ ಇಚ್ಛೆ ಇರೋನು. ಋಷಿಗಾಗ್ಲಿ ಆರ್ಯನಿಗಾಗ್ಲಿ ಮ್ಲೇಚ್ಛನಿಗಾಗ್ಲಿ ಲಕ್ಷಣ ಒಂದೇ ಅಂತಾನೂ ಅಲ್ಲೇ ಹೇಳ್ತಾನೆ. ಇನ್ನು ವೇದದ ಅರ್ಥವಿಚಾರ ಮಾಡೋ ಮೀಮಾಂಸಕರದ್ದು ಒಂದು ಹೆಜ್ಜೆ ಮುಂದೆ, ಜ್ಞಾನ ಹುಟ್ಟಿದಾಗ ಅದು ತನ್ನಷ್ಟಕ್ಕೇ ಪ್ರಮಾಣ, ಅದಕ್ಕೆ ಬಾಧಕ, ಅಂದ್ರೆ ಅದನ್ನ ಸುಳ್ಳು ಮಾಡೋವಂಥದ್ದು, ಬರೋ ತನಕ ಅದನ್ನ ಹಿಡ್ಕೋಬೇಕು, ಸ್ವತಃಪ್ರಾಮಾಣ್ಯ ಅಂತ ಕರೀತಾರೆ. ದೊಡ್ಡೋಳಾದ್ಮೇಲೆ ಇದನ್ನ ಮತ್ತೆ ಓದುವಾಗ ನನಗೆ ಅಡಿಕೆ ಚಪ್ಪರಾನೇ ನೆನಪಾಯ್ತು. ಆ ಕೋಣೆಯಲ್ಲಿ ಏನಾಯ್ತು ಅಂತ ನೇರವಾಗಿ ಬಲ್ಲವಳು ಯಾರು? ಅವಳಲ್ದೇ ಇನ್ಯಾರು? ಇದ್ದದ್ದನ್ನ ಇದ್ದ ಹಾಗೆ ಹೇಳೋದು ಬಿಟ್ಟು ಬೇರೆ ಏನು ಆಸೆಗೆ ಅವಳು ಬಾಯಿ ಬಿಟ್ಟಾಳು? ಹಾಗಾದ್ರೆ ಆಪ್ತಳು ಅವಳೇ ಅಲ್ವಾ? ಬಾಧಕ ಏನಾದ್ರೂ ಬಂದಿತ್ತಾ? ಇಲ್ಲ. ನನ್ನ "ಹೌದನೇ" ಬಾಧಕ ಅಲ್ಲ, ಅದರ ಹಿಂದೆ ಕಾರಣಾನೇ ಇರ್ಲಿಲ್ಲ.

ಆದ್ರೆ ಇದೇ ಪರಂಪರೆಯ ಇನ್ನೊಂದು ಮಗ್ಗುಲು ಮುಚ್ಚಿಡೋಕೆ ಆಗಲ್ಲ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ, 77ನೇ ಶ್ಲೋಕ, ಲೋಭ ಇಲ್ಲದ ಒಬ್ಬ ಗಂಡಸು ಸಾಕ್ಷಿಯಾಗಬಹುದು, ಶುದ್ಧರಾದ ಹೆಂಗಸರು ಎಷ್ಟು ಜನ ಇದ್ರೂ ಆಗೋದಿಲ್ಲ, ಯಾಕಂದ್ರೆ ಹೆಣ್ಣಿನ ಬುದ್ಧಿ ಸ್ಥಿರ ಅಲ್ಲ ಅಂತ. ತರ್ಕಶಾಸ್ತ್ರದಲ್ಲಿ ಮ್ಲೇಚ್ಛನಿಗೂ ಸಿಕ್ಕಿದ ಜಾಗ ಧರ್ಮಶಾಸ್ತ್ರದಲ್ಲಿ ಮನೆ ಹೆಂಗಸಿಗೆ ಸಿಗ್ಲಿಲ್ಲ. ಸಮುದ್ರದ ಆ ಕಡೆಯಿಂದ ಇನ್ನೊಂದು ಬಂತು, 17ನೇ ಶತಮಾನದ ಇಂಗ್ಲೆಂಡಿನ ನ್ಯಾಯಾಧೀಶ ಮ್ಯಾಥ್ಯೂ ಹೇಲ್, ಅತ್ಯಾಚಾರದ ಆರೋಪ ಮಾಡೋದು ಸುಲಭ, ಸಾಬೀತು ಮಾಡೋದು ಕಷ್ಟ, ಆರೋಪ ಹೊತ್ತವನು ಎಷ್ಟೇ ನಿರಪರಾಧಿಯಾದ್ರೂ ಅದರಿಂದ ಬಿಡಿಸ್ಕೊಳ್ಳೋದು ಇನ್ನೂ ಕಷ್ಟ ಅಂದವನು. ಆರೋಪ ಮಾಡೋದು ಸುಲಭವಂತೆ! ಅಕ್ಕ ಆ ಒಂದು ವಾಕ್ಯ ಹೇಳೋಕೆ ಎಷ್ಟು ತಿಂಗಳು ತಗೊಂಡಿದ್ಳು ಅಂತ ಈಗ ನನಗೆ ಗೊತ್ತು. ಒಂದು ಕಡೆ ಮನು ಇನ್ನೊಂದು ಕಡೆ ಹೇಲ್, ಇಬ್ಬರ ಮಧ್ಯೆ ನಮ್ಮ ಊರ ಕಟ್ಟೆ ಪಂಚಾಯ್ತಿನೂ ಕೋರ್ಟೂ ಬೆಳೆದವು.

ಇಂಗ್ಲೆಂಡಿನ ಮಿರಾಂಡಾ ಫ್ರಿಕರ್ ಅನ್ನೋ ತತ್ವಶಾಸ್ತ್ರಜ್ಞೆ 2007ರಲ್ಲಿ, ಅದೇ ವರ್ಷ ನೋಡಿ, ತಮ್ಮ ಪುಸ್ತಕದಲ್ಲಿ ಇದನ್ನ ಬಿಡಿಸಿ ಹೇಳಿದ್ರು, ಹೆಸರು ಟೆಸ್ಟಿಮೋನಿಯಲ್ ಇನ್‌ಜಸ್ಟಿಸ್. ನಾನು ಮಾತಿನ ಅನ್ಯಾಯ ಅಂತ ಕರ್ಕೊಳ್ತೇನೆ. ಹೇಳೋರು ಯಾರು ಅನ್ನೋದನ್ನ ನೋಡಿ, ಹೆಂಗಸು, ಬಡವಿ, ಕರಿಯಳು, ಕೀಳುಜಾತಿ ಅಂತ ಪೂರ್ವಗ್ರಹದಿಂದ ಅವರ ಮಾತಿನ ತೂಕ ಕಡಿಮೆ ಮಾಡೋದು. ಅವರು ಹೇಳೋದರಲ್ಲಿ ನನಗೆ ತಟ್ಟಿದ್ದು ಇದು, ಅಂಥಾ ಹೊತ್ತಲ್ಲಿ ಏಟು ಬೀಳೋದು ಆ ಒಂದು ಮಾತಿಗೆ ಮಾತ್ರ ಅಲ್ಲ, ತಿಳಿಯಬಲ್ಲವಳು ಅನ್ನೋ ಮನುಷ್ಯಳ ಯೋಗ್ಯತೆಗೇ. ನಮ್ಮ ಹವ್ಯಕರ ಮಾತಲ್ಲಿ ಹೆಣ್ಣಿಗೆ "ಅದು" ಅಂತೀವಿ, ಅದು ಬಂತು, ಅದು ಹೋತು. ಪ್ರೀತಿಯಿಂದಾನೇ ಹೇಳೋದು, ನಾನೂ ನನ್ನ ಮಗಳಿಗೆ ಹಾಗೇ ಹೇಳೋದು, ಅದರ ಬಗ್ಗೆ ಜಗಳ ಇಲ್ಲ. ಆದ್ರೆ "ಅದು ಎಂತೋ ಹೇಳ್ತು" ಅನ್ನೋ ವಾಕ್ಯ ಎಷ್ಟು ಸಲ ಕೇಳಿದ್ದೇನೆ ಅಂತ ಲೆಕ್ಕ ಹಾಕಿದ್ರೆ ಗಂಟಲು ಕಟ್ಟತ್ತೆ.

ಅಮೆರಿಕದ ಕಪ್ಪು ಸ್ತ್ರೀವಾದಿ ಕ್ರಿಸ್ಟೀ ಡಾಟ್ಸನ್ 2011ರಲ್ಲಿ ಬರೆದ ಒಂದು ಲೇಖನದಲ್ಲಿ ಇನ್ನೂ ಹತ್ರದ್ದು ಸಿಕ್ತು. ಕೇಳೋರಿಗೆ ಇದನ್ನ ತಗೊಳ್ಳೋ ಶಕ್ತಿ ಇಲ್ಲ ಅಥವಾ ಮನಸ್ಸಿಲ್ಲ ಅಂತ ಹೇಳೋಳಿಗೆ ಗೊತ್ತಾದಾಗ ಅವಳೇ ತನ್ನ ಮಾತನ್ನ ಕತ್ತರಿಸಿ, ಕೇಳೋರಿಗೆ ಸಹಿಸೋಕೆ ಆಗೋವಷ್ಟನ್ನೇ ಉಳಿಸಿ ಬಾಕಿ ನುಂಗ್ತಾಳೆ. ಸ್ಮದರಿಂಗ್ ಅನ್ನೋ ಪದ ಬಳಸ್ತಾರೆ, ಉಸಿರುಗಟ್ಟಿಸೋದು. ಹೊರಗಿಂದ ನೋಡಿದವರಿಗೆ ಅವಳು ತಾನಾಗೇ ಸುಮ್ನಾದ ಹಾಗೆ ಕಾಣತ್ತೆ. "ಸುಮ್ನೆ ಹೇಳ್ದಿ, ಬಿಡು." ಅದನ್ನ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಹಿತ್ತಲಿಗೆ ಹೋಗಿ ತುಂಬ ಹೊತ್ತು ನಿಂತಿದ್ದೆ.

ಹಾಗಂತ ಫ್ರಿಕರ್ ಹೇಳೋದು ನನ್ನ ವಿಷಯಕ್ಕೆ ಪೂರ್ತಿ ಹೊಂದಲ್ಲ ಅಂತ ನಿಧಾನಕ್ಕೆ ಅರ್ಥ ಆಯ್ತು. ಅವರ ಪ್ರಕಾರ ನಾನು ಪೂರ್ವಗ್ರಹದಿಂದ ಅಕ್ಕನ್ನ ಕಡಿಮೆ ನಂಬಿದೆ ಅಂತ ಆಗ್ಬೇಕು. ಆದ್ರೆ ನಾನು ನಂಬಿದ್ದೆ. ಅವಳು ಹೆಸರು ಹೇಳಿದ ಕ್ಷಣಾನೇ ನನ್ನ ಹೊಟ್ಟೆ ತಣ್ಣಗಾಗಿತ್ತು, ಯಾಕಂದ್ರೆ ನಾನು ಎಂಟನೇ ಕ್ಲಾಸಲ್ಲಿದ್ದಾಗ ಆಯಿ ನನಗೆ ಹೇಳಿದ್ಳು, "ಅವ್ರ ಮನಿಗೆ ಒಬ್ಳೇ ಹೋಗಡ." ಎಂತಕ್ಕೆ ಅಂತ ಕೇಳಿದ್ದಕ್ಕೆ "ಹೋಗಡ ಅಂದ್ರೆ ಹೋಗಡ" ಅಂದಿದ್ಳು. ಅಮ್ಮಮ್ಮ ಆಯಿಗೆ ಹೇಳಿರಬೇಕು. ಆ ಮನುಷ್ಯ ಸಭೆಯಲ್ಲಿ ಎದ್ದು ಮಾತಾಡಿದ್ರೆ ಇಡೀ ಊರು ತಲೆ ಆಡಿಸ್ತಿತ್ತು, ಮದುವೆ ಮುಂಜಿ ಎಲ್ಲದಕ್ಕೂ ಮುಂದಿನ ಸಾಲಲ್ಲಿ ಕೂರೋವ್ರು, ಅದೇ ಹೊತ್ತಿಗೆ ಊರಿನ ಪ್ರತಿ ಮನೆಯ ಹೆಂಗಸೂ ತನ್ನ ಮಗಳಿಗೆ ಒಂದು ಸಲ ಆ ವಾಕ್ಯ ಹೇಳಿದ್ಳು. ಹಾಗಾದ್ರೆ ನಂಬದೇ ಇದ್ದವರು ಯಾರು? ಯಾರೂ ಇಲ್ಲ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದನ್ನ ಗೊತ್ತಿಲ್ಲ ಅಂತ ಮಾಡ್ಕೊಂಡಿದ್ವಿ, ನಾನೂ ಸೇರಿ.

ಶಕುಂತಲೆ ಕಥೆ ಎಲ್ರಿಗೂ ಗೊತ್ತು, ಉಂಗುರ ಕಳೆದುಹೋಯ್ತು, ದೂರ್ವಾಸನ ಶಾಪ, ರಾಜನಿಗೆ ಮರೆವು. ಅದು ಕಾಳಿದಾಸ ಸೇರಿಸಿದ್ದು. ಮೂಲ ಮಹಾಭಾರತದ ಆದಿಪರ್ವದಲ್ಲಿ ಶಾಪಾನೂ ಇಲ್ಲ ಉಂಗುರಾನೂ ಇಲ್ಲ. ಮಗನ್ನ ಕರ್ಕೊಂಡು ಶಕುಂತಲೆ ಸಭೆಗೆ ಬರ್ತಾಳೆ, ದುಷ್ಯಂತನಿಗೆ ಎಲ್ಲಾ ನೆನಪಿದೆ, ನೆನಪಿದ್ದೂ ನೆನಪಿಲ್ಲ ಅಂತಾನೆ, ವ್ಯಾಸರು ಅದನ್ನ ಬಿಡಿಸಿಯೇ ಹೇಳ್ತಾರೆ. ಅದರ ಮೇಲೆ ಬೈತಾನೆ ಬೇರೆ, ಅಸತ್ಯವಚನಾ ನಾರ್ಯಃ, ಹೆಂಗಸರು ಸುಳ್ಳಾಡೋರು, ನಿನ್ನ ಮಾತು ಯಾರು ನಂಬ್ತಾರೆ ಅಂತ. ಕೊನೆಗೆ ಆಕಾಶವಾಣಿ ಆಗ್ಬೇಕಾಯ್ತು. ಆಮೇಲೆ ರಾಜ ಸಭೆಗೆ ಹೇಳ್ತಾನೆ, ನನಗೂ ಇವನು ನನ್ನ ಮಗ ಅಂತ ಗೊತ್ತಿತ್ತು, ಆದ್ರೆ ಬರೀ ಇವಳ ಮಾತಿನ ಮೇಲೆ ತಗೊಂಡಿದ್ರೆ ಜನ ಸಂಶಯ ಪಡ್ತಿದ್ರು. ಅಲ್ಲಿ ಬಲಾತ್ಕಾರ ಇಲ್ಲ, ಗಾಂಧರ್ವ ವಿವಾಹ, ವಿಷಯ ಬೇರೆ, ಒಪ್ತೇನೆ. ಆದ್ರೆ ಹೆಣ್ಣಿನ ಮಾತನ್ನ ನಂಬದೇ ಇರೋದು ಹೇಗೆ ನಡೆಯತ್ತೆ ಅನ್ನೋದನ್ನ ಇಷ್ಟು ಸರಿಯಾಗಿ ಹೇಳಿದ್ದನ್ನ ನಾನು ಬೇರೆಲ್ಲೂ ಓದಿಲ್ಲ. ಹೆಂಗಸರು ಸುಳ್ಳಾಡ್ತಾರೆ ಅಂತ ಹೇಳ್ತಿರೋನಿಗೆ ಅವಳು ನಿಜ ಹೇಳ್ತಿದ್ದಾಳೆ ಅಂತ ಗೊತ್ತು. ತಾಳಮದ್ದಳೆ ನೋಡಿ ಬೆಳೆದವರು ನಾವು, ದುಷ್ಯಂತನ ಕಡೆಯಿಂದ ಎಷ್ಟು ಚಂದದ ಅರ್ಥ ಹೇಳಬಹುದು ಅಂತ ನನಗೆ ಗೊತ್ತಿದೆ, ರಾಜಧರ್ಮ, ಲೋಕಾಪವಾದ. ಶಕುಂತಲೆಗೆ ಆ ಸಭೆಯಲ್ಲಿ ಏನಾಯ್ತೋ ಅದು ಆಗೇ ಆಯ್ತು.

ಗೇಲ್ ಪೋಲ್‌ಹೌಸ್ ಅಂತ ಇನ್ನೊಬ್ರು 2012ರಲ್ಲಿ ಬರೆದಿದ್ದು ಇದಕ್ಕೆ ಹತ್ರ ಬರತ್ತೆ. ತುಳಿತಕ್ಕೆ ಒಳಗಾದವರು ತಮ್ಮ ಅನುಭವ ಹೇಳೋಕೆ ತಮ್ಮದೇ ಪದ, ತಮ್ಮದೇ ತಿಳುವಳಿಕೆ ಕಟ್ಕೊಂಡಿರ್ತಾರೆ, ಮೇಲಿರೋರು ಅದನ್ನ ಕೈಗೆತ್ತಿಕೊಳ್ಳೋಕೆ ಬೇಕಂತಲೇ ಒಪ್ಪಲ್ಲ, ಹಾಗಾಗಿ ಅವರಿಗೆ ಅರ್ಥ ಆಗದೇ ಇರೋದು ಒಂಥರಾ ಸಾಕಿಕೊಂಡ ಅಜ್ಞಾನ. ಅಮೆರಿಕದಲ್ಲಿ 1975ರಲ್ಲಿ ಕಾರ್ನೆಲ್ ಯೂನಿವರ್ಸಿಟಿ ಸುತ್ತ ಸೇರಿದ ಹೆಂಗಸರು ಸೆಕ್ಷುಯಲ್ ಹರಾಸ್‌ಮೆಂಟ್ ಅನ್ನೋ ಹೆಸರು ಹುಡುಕೋ ತನಕ ಅದಕ್ಕೆ ಹೆಸರೇ ಇರ್ಲಿಲ್ಲ ಅಂತ ಫ್ರಿಕರ್ ಹೇಳ್ತಾರೆ, ಸರಿ. ನಮ್ಮಲ್ಲಿ ನೋಡಿದ್ರೆ ಪದ ಇಲ್ಲ ಅಂತಲ್ಲ, ಇರೋ ಪದಗಳೆಲ್ಲ ಅವಳ ಮೇಲೇ ಬೀಳೋವಂಥವು. ಹಾಳಾದ್ಳು, ಕೆಟ್ಟೋದ್ಳು, ಮಾನ ಹೋಯ್ತು, ಶೀಲ ಹೋಯ್ತು. ಮಾಡಿದವನು ಆ ವಾಕ್ಯದಲ್ಲಿ ಕರ್ತೃವಾಗಿ ಬರೋದೇ ಇಲ್ಲ. ಅತ್ಯಾಚಾರ ಅನ್ನೋದು ಪೇಪರಿನ ಪದ, ಅಡುಗೆಮನೆಯಲ್ಲಿ ಯಾರೂ ಆಡಲ್ಲ. ಹೆಂಗಸರು ತಾವೇ ಮಾಡ್ಕೊಂಡಿದ್ದು ಆ ಒಂದು ವಾಕ್ಯ, ಅವು ಸರಿ ಇಲ್ಲೆ, ಅದರಲ್ಲಿ ಕರ್ತೃ ಅವನೇ. ಅದನ್ನ ಗಂಡಸರ ಮುಂದೆ ಹೇಳಿದ್ರೆ ಮಾತ್ರ "ಸರಿ ಇಲ್ಲೆ ಅಂದ್ರೆ ಎಂತದು?" ಅಂತ ಕೇಳ್ತಾರೆ. ಏನೂ ತಿಳಿಯದ ಹಾಗೆ.

ಯಾಕೆ ಹೀಗೆ ಮಾಡ್ತೀವಿ? ನನ್ನ ಮಟ್ಟಿಗೆ ಉತ್ತರ ಸಿಕ್ಕಿದೆ. ನಂಬಿದ್ದೇನೆ ಅಂತ ಬಾಯಿಬಿಟ್ಟು ಹೇಳಿದ್ರೆ ಮುಂದೆ ಏನಾದ್ರೂ ಮಾಡ್ಬೇಕು. ಆ ಮನೆಗೆ ಊಟಕ್ಕೆ ಹೋಗೋಕೆ ಆಗಲ್ಲ, ಅವ್ರು ಬಂದಾಗ ಕಾಲಿಗೆ ಬೀಳೋಕೆ ಆಗಲ್ಲ, ಅಪ್ಪಯ್ಯನಿಗೆ ಹೇಳ್ಬೇಕು, ಅಪ್ಪಯ್ಯ ಅವರ ಜೊತೆ ಸೊಸೈಟಿ ವ್ಯವಹಾರ ಮುರ್ಕೋಬೇಕು. "ಹೌದನೇ" ಅಂತ ಕೇಳಿದ್ರೆ ಇಷ್ಟೂ ತಪ್ಪತ್ತೆ. ಭಾರ ಪೂರ್ತಿ ಅವಳ ತಲೆ ಮೇಲೆ ವಾಪಸ್ ಹೋಗತ್ತೆ, ನಾನು ಬರೀ ಒಂದು ಪ್ರಶ್ನೆ ಕೇಳಿದೋಳು. ಕೇಟ್ ಮ್ಯಾನ್ ಅನ್ನೋ ತತ್ವಶಾಸ್ತ್ರಜ್ಞೆ ಹಿಂಪಥಿ ಅಂತ ಕರೆಯೋದು ಇಲ್ಲಿಗೆ ಸೇರತ್ತೆ, ಕರುಣೆಯೆಲ್ಲ ಅವನ ಕಡೆಗೇ ಹರಿಯೋದು, ಪಾಪ ಅವ್ರ ವಯಸ್ಸೆಷ್ಟು, ಅವ್ರ ಮಕ್ಕಳ ಗತಿ ಏನು.

ಇಲ್ಲಿಗೆ ಬರೋವಷ್ಟರಲ್ಲಿ ಕೇಳ್ತೀರಿ ಅಂತ ಗೊತ್ತು, ನನ್ನ ತಮ್ಮಾನೂ ಕೇಳಿದ್ದ, ಹಾಗಾದ್ರೆ ಯಾರು ಏನು ಹೇಳಿದ್ರೂ ನಂಬೋದಾ ಅಕ್ಕ, ಸುಳ್ಳು ಕೇಸ್ ಇಲ್ವಾ, ಆರೋಪ ಸಾಬೀತಾಗೋ ತನಕ ನಿರಪರಾಧಿ ಅನ್ನೋದು ಏನಾಯ್ತು? ಇದು ಹಗುರವಾದ ಪ್ರಶ್ನೆ ಅಲ್ಲ. ಅಮೆರಿಕದಲ್ಲಿ 1955ರಲ್ಲಿ ಎಮೆಟ್ ಟಿಲ್ ಅನ್ನೋ ಹದಿನಾಲ್ಕು ವರ್ಷದ ಕಪ್ಪು ಹುಡುಗನ್ನ ಬಿಳಿ ಹೆಂಗಸಿನ ಜೊತೆ ಅಸಭ್ಯವಾಗಿ ನಡ್ಕೊಂಡ ಅನ್ನೋ ಆರೋಪದ ಮೇಲೆ ಎತ್ಕೊಂಡು ಹೋಗಿ ಕೊಂದ್ರು. ಹಾಗಾಗಿ ಯಾರ ಮಾತಿಗೆ ಎಷ್ಟು ತೂಕ ಅನ್ನೋದರಲ್ಲಿ ಜಾತಿ ಬಣ್ಣ ಎಲ್ಲ ಸೇರ್ಕೊಂಡಿರತ್ತೆ ಅನ್ನೋದನ್ನ ಸ್ತ್ರೀವಾದಿಗಳೇ ಮೊದಲು ಹೇಳ್ಬೇಕು, ಹೇಳಿದ್ದಾರೆ ಕೂಡ. ಆದ್ರೆ ನಮ್ಮ ದೇಶದಲ್ಲಿ "ಸುಳ್ಳು ಕೇಸ್" ಅನ್ನೋದರ ಒಳಗೆ ಏನಿದೆ ನೋಡಿ. ಪತ್ರಕರ್ತೆ ರುಕ್ಮಿಣಿ ಎಸ್. ದೆಹಲಿ ಜಿಲ್ಲಾ ಕೋರ್ಟುಗಳಲ್ಲಿ 2013ರಲ್ಲಿ ಪೂರ್ತಿ ವಿಚಾರಣೆಯಾದ 460 ಅತ್ಯಾಚಾರ ಪ್ರಕರಣಗಳ ತೀರ್ಪು ಕೂತು ಓದಿದ್ರು, ಅದರಲ್ಲಿ 189, ಅಂದ್ರೆ ನೂರಕ್ಕೆ 40ಕ್ಕಿಂತ ಹೆಚ್ಚು, ಒಪ್ಪಿಗೆಯ ಸಂಬಂಧಗಳದ್ದು, ಹೆಚ್ಚಿನವು ಹುಡುಗಿ ಇಷ್ಟಪಟ್ಟು ಹುಡುಗನ ಜೊತೆ ಓಡಿಹೋದಾಗ ಅಪ್ಪ ಅಮ್ಮ ಹಾಕಿದ್ದು. ಹುಡುಗಿ ನಾನಾಗೇ ಹೋದೆ ಅಂತಿದ್ದಾಳೆ, ಮನೆಯವರು ಅವಳ ಮಾತು ತಗೋತಿಲ್ಲ. ಇದು ಹೆಣ್ಣನ್ನ ಹೆಚ್ಚು ನಂಬಿದ್ದರಿಂದ ಹುಟ್ಟಿದ ಕೇಸಾ? ಇಲ್ಲಿ ಕೂಡ ಹೆಣ್ಣಿನ ಮಾತಿಗೆ ಬೆಲೆ ಇಲ್ಲದೇ ಇರೋದೇ ಕಾಣ್ತಾ ಇರೋದು. ಬೇಡ ಅಂದಿದ್ದೂ ನಂಬಲ್ಲ, ಬೇಕು ಅಂದಿದ್ದೂ ನಂಬಲ್ಲ.

ಕೋರ್ಟ್ ವಿಷಯ ಬೇರೆ. ಒಬ್ಬನ್ನ ಜೈಲಿಗೆ ಹಾಕೋ ಅಧಿಕಾರ ಇರೋರು ಸಾಕ್ಷಿ ಕೇಳ್ಲೇಬೇಕು, ಪಾಟೀ ಸವಾಲು ಆಗ್ಲೇಬೇಕು, ಅದು ಸಡಿಲ ಆಗ್ಬಾರ್ದು ಅಂತ ನಾನೂ ನಂಬ್ತೇನೆ. ಪಕ್ಕದ್ಮನೆಯವರು ಮೀನು ತಗೊಳ್ಳುವಾಗ ಕಿವಿರು ಎತ್ತಿ ನೋಡ್ತಾರೆ, ಅದರಿಂದ ಬುಟ್ಟಿ ಹೊತ್ಕೊಂಡು ಬಂದ ಹೆಂಗಸಿಗೆ ಅವಮಾನ ಏನೂ ಆಗಲ್ಲ, ಅವಳೇ ಎತ್ತಿ ತೋರಿಸ್ತಾಳೆ. ಪರೀಕ್ಷೆ ಮಾಡೋದು ಬೇರೆ, ನೀನು ಸುಳ್ಳಿ ಅಂತ ಶುರು ಮಾಡೋದು ಬೇರೆ. ಮತ್ತೆ ಅಡಿಕೆ ಚಪ್ಪರದ ಕೆಳಗೆ ಕೂತಿದ್ದ ನಾನು ನ್ಯಾಯಾಧೀಶೆ ಆಗಿರ್ಲಿಲ್ಲ, ಯಾರನ್ನೂ ಜೈಲಿಗೆ ಕಳಿಸ್ತಿರ್ಲಿಲ್ಲ. ನನ್ನ ಮುಂದಿದ್ದ ಪ್ರಶ್ನೆ ಇಷ್ಟೇ, ಈಗ ಇವಳ ಜೊತೆ ಹೇಗಿರ್ಬೇಕು? ಆ ಪ್ರಶ್ನೆಗೆ ಕೋರ್ಟಿನ ತಕ್ಕಡಿ ತಂದಿದ್ದು ನನ್ನ ತಪ್ಪು.

ಕೋರ್ಟುಗಳಾದ್ರೂ ಒಂದೇ ಥರ ನಡ್ಕೊಂಡಿಲ್ಲ. ಮಹಾರಾಷ್ಟ್ರದ ಆದಿವಾಸಿ ಹುಡುಗಿ ಮಥುರಾ ಪ್ರಕರಣ, 1972ರಲ್ಲಿ ಪೊಲೀಸ್ ಸ್ಟೇಷನ್ ಒಳಗೇ ಆದದ್ದು, 1978ರಲ್ಲಿ ಸುಪ್ರೀಂ ಕೋರ್ಟ್ ಮೈಮೇಲೆ ಗಾಯ ಇಲ್ಲ, ಕೂಗಿಕೊಂಡಿಲ್ಲ ಅಂತೆಲ್ಲ ಹೇಳಿ ಇಬ್ಬರು ಪೊಲೀಸರನ್ನ ಬಿಡ್ತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ನಾಲ್ಕು ಜನ ಕಾನೂನು ಪ್ರಾಧ್ಯಾಪಕರು ಬಹಿರಂಗ ಪತ್ರ ಬರೆದ್ರು, ದೇಶದ ತುಂಬ ಹೆಂಗಸರು ಬೀದಿಗಿಳಿದ್ರು, 1983ರಲ್ಲಿ ಕಾನೂನು ಬದಲಾಯ್ತು, ಕಸ್ಟಡಿಯಲ್ಲಾದ ಅತ್ಯಾಚಾರದಲ್ಲಿ ಒಪ್ಪಿಗೆ ಇರ್ಲಿಲ್ಲ ಅಂತ ಅವಳು ಹೇಳಿದ್ರೆ ಕೋರ್ಟ್ ಹಾಗೇ ಭಾವಿಸ್ಬೇಕು ಅಂತ. ಅದೇ 1983ರಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅವಳ ಮಾತಿಗೆ ಬೇರೆ ಸಾಕ್ಷಿ ಇಲ್ಲ ಅಂತ ನಂಬದೇ ಇರೋದು ಗಾಯದ ಮೇಲೆ ಅವಮಾನ ಸೇರಿಸಿದ ಹಾಗೆ ಅಂತ ಹೇಳ್ತು. ಮೊದಲ ಸಲ ಓದಿದಾಗ ಖುಷಿಯಾಗಿತ್ತು. ಆಮೇಲೆ ಕಾರಣ ಓದಿದೆ. ಸಂಪ್ರದಾಯದ ಭಾರತೀಯ ಸಮಾಜದಲ್ಲಿ ಹೆಣ್ಣು ತನ್ನ ಶೀಲಕ್ಕೆ ಕಪ್ಪು ತರೋ ವಿಷಯವನ್ನ ಒಪ್ಪಿಕೊಳ್ಳೋಕೇ ಹಿಂಜರೀತಾಳೆ, ಹಾಗಾಗಿ ಸುಳ್ಳು ಹೇಳಲ್ಲ ಅಂತ. ಅಂದ್ರೆ ಅವಳನ್ನ ನಂಬೋದು ಅವಳಿಗೆ ನಾಚಿಕೆ ಇದೆ ಅಂತ. ಹಾಗಿದ್ರೆ ನಾಚದೇ ಇರೋಳು? ಅಳದೇ ಇರೋಳು? 2020ರ ಜೂನಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ಘಟನೆ ಆದ್ಮೇಲೆ ಸುಸ್ತಾಗಿ ನಿದ್ದೆ ಮಾಡಿದೆ ಅಂತ ದೂರು ಕೊಟ್ಟವಳು ಹೇಳಿದ್ದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ, ನಮ್ಮ ಹೆಂಗಸರು ಹೀಗೆ ವರ್ತಿಸಲ್ಲ ಅಂತ ಬರೆದಿತ್ತು. ತುಂಬ ವಿರೋಧ ಬಂದು ಆ ಮಾತನ್ನ ತೆಗೆದು ಹಾಕಿದ್ರು. 1983ರ ಕಾರುಣ್ಯ, 2020ರ ಸಂಶಯ, ಎರಡೂ ಒಂದೇ ಬೇರಿನದು ಅಂತ ನನಗನ್ಸತ್ತೆ. ಅಕ್ಕ ಆ ಮಧ್ಯಾಹ್ನ ಮನೆಗೆ ಬಂದು ದನಕ್ಕೆ ಅಕ್ಕಚ್ಚು ಕೊಟ್ಟಿದ್ಳಂತೆ. ಯಾವ ಪುಸ್ತಕದ ಪ್ರಕಾರ ಅದು ತಕ್ಕ ವರ್ತನೆ?

2024ರ ಆಗಸ್ಟ್ ಕೊನೆಯಲ್ಲಿ ಕಾರವಾರಕ್ಕೆ ಅವಳ ಮನೆಗೆ ಹೋಗಿದ್ದೆ. ಕಾಳಿ ನದಿಯ ಹಳೇ ಸೇತುವೆ ಕುಸಿದು ಮೂರು ವಾರ ಆಗಿತ್ತು, ಊರೆಲ್ಲ ಅದೇ ಮಾತು. ಟಿವಿಯಲ್ಲಿ ಮಾತ್ರ ಮಲಯಾಳಂ ಚಿತ್ರರಂಗದಲ್ಲಿ ಹೆಂಗಸರ ಮೇಲಾಗೋ ದೌರ್ಜನ್ಯದ ಬಗ್ಗೆ ಕೇರಳದ ಹೇಮಾ ಸಮಿತಿ ಕೊಟ್ಟ ವರದಿ, ಸಿನಿಮಾ ಹೆಂಗಸರು ಒಬ್ಬೊಬ್ರೇ ಮಾತಾಡ್ತಿದ್ರು. ಭಾವ ಕೆಟ್ಟವ್ರಲ್ಲ, ಚಾ ಕುಡೀತಾ ಕೇಳಿದ್ರು, "ಇಷ್ಟು ವರ್ಷ ಎಂತಕ್ಕೆ ಸುಮ್ನೆ ಇದ್ವಡ?" ಅಕ್ಕ ಎದ್ದು ಒಳಗೆ ಹೋದ್ಳು. ನಾನೂ ಹಿಂದೇ ಹೋದೆ. ಸಂಜೆ ಕೋಡಿಬಾಗ ಕಡೆ ಇಬ್ರೇ ನಡ್ಕೊಂಡು ಹೋದ್ವಿ, ಮುರಿದ ಸೇತುವೆ ಕಾಣೋ ಕಡೆ ನಿಂತ್ವಿ.

ಅಲ್ಲಿ ಹೇಳಿದೆ. "ಆ ದಿನ ಆನು ಹೌದನೇ ಹೇಳಿ ಕೇಳಿದಿ. ಯಂಗೆ ಗೊತ್ತಿತ್ತು. ಆನು ನಂಬಿದ್ದಿ."

ಅವಳು ಯಾವ ದಿನ ಅಂತ ಕೇಳ್ಲಿಲ್ಲ. ನೀರು ನೋಡ್ತಾ ನಿಂತಿದ್ಳು. ಆಮೇಲೆ ಕೇಳಿದ್ಳು, "ಹಂಗಾರೆ ಎಂತಕ್ಕೆ ಕೇಳ್ದೆ?"

"ಹೆದ್ರಿದ್ದಿ."

ಎಲಿಜಬೆತ್ ಆನ್ಸ್‌ಕೂಮ್ ಅನ್ನೋ ತತ್ವಶಾಸ್ತ್ರಜ್ಞೆ 1979ರಲ್ಲಿ ಒಂದು ಚಿಕ್ಕ ಪ್ರಬಂಧದಲ್ಲಿ, ಒಂದು ಸಂಗತಿಯನ್ನ ನಂಬೋದು ಬೇರೆ, ಒಬ್ಬ ಮನುಷ್ಯನ್ನ ನಂಬೋದು ಬೇರೆ ಅಂತ ವಿಚಾರ ಮಾಡಿದ್ರು. ನಾನು ಹದಿನೇಳು ವರ್ಷ ಸಂಗತಿಯನ್ನ ನಂಬಿದ್ದೆ, ಅಕ್ಕನ್ನ ನಂಬಿರ್ಲಿಲ್ಲ. ಅವಳಿಗೆ ಕೇಳಿಸೋ ಹಾಗೆ ಹೇಳದೇ ಇದ್ದ ನಂಬಿಕೆಯಿಂದ ಅವಳಿಗೆ ಏನು ಸಿಕ್ತು? ಸೂಸನ್ ಬ್ರೈಸನ್ ಅಂತ ಇನ್ನೊಬ್ಬ ತತ್ವಶಾಸ್ತ್ರಜ್ಞೆ, 1990ರಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಬೆಳಿಗ್ಗೆ ವಾಕಿಂಗ್ ಹೋದಾಗ ಅವರ ಮೇಲೇ ಅತ್ಯಾಚಾರ ನಡೆದು ಸತ್ತಳು ಅಂತ ಬಿಟ್ಟುಹೋಗಿದ್ರು, ಬದುಕಿ ಬಂದು 2002ರಲ್ಲಿ ಪುಸ್ತಕ ಬರೆದ್ರು. ಮುರಿದುಹೋದ ನಾನು ಅನ್ನೋದನ್ನ ಮತ್ತೆ ಕಟ್ಟೋಕೆ ನಡೆದದ್ದನ್ನ ಹೇಳ್ಬೇಕು, ಹೇಳೋಕೆ ಕೇಳೋರು ಬೇಕು, ಒಬ್ಳೇ ಕೂತು ಆಗಲ್ಲ ಅಂತಾರೆ. ಕೋಡಿಬಾಗದಲ್ಲಿ ಆ ಸಂಜೆ ಅಕ್ಕ ಸುಮಾರು ಒಂದು ತಾಸು ಮಾತಾಡಿದ್ಳು, ಕರೆಂಟು, ಬಾಳೆಗೊನೆ, ಬಾಗಿಲು, ಆಮೇಲಿಂದು. ನಾನು ಏನೂ ಕೇಳ್ಲಿಲ್ಲ. ಮಧ್ಯೆ ಅವಳು ಬೈದ್ಳು ಕೂಡ, ನೀನು ಹಂಗೆ ಕೇಳದೇ ಇದ್ರೆ ಆನು ಅವತ್ತೇ ಆಯಿಗೆ ಹೇಳ್ತಿದ್ದಿ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗ್ಲೂ ಇಲ್ಲ. ಭಾವನಿಗೆ ಅವಳೇ ಆಮೇಲೆ ಹೇಳಿದ್ದಾಳೆ.

ಪೊಲೀಸರ ಮುಂದೆ ಕೊಡೋದಕ್ಕೆ ಹೇಳಿಕೆ ಅಂತಾರೆ. ನಮ್ಮ ಕಡೆ ಮದುವೆ ಮುಂಜಿಗೆ ಮನೆಮನೆಗೆ ಹೋಗಿ ಕರೆಯೋದಕ್ಕೂ ಹೇಳಿಕೆ ಅಂತಾನೇ ಅನ್ನೋದು. ಈ ಸಲ ದೊಡ್ಡಾಯಿ ಮನೆಯಲ್ಲಿ ಅಣ್ಣನ ಮಗನ ಉಪನಯನ. ಹೇಳಿಕೆ ಪಟ್ಟಿ ಮಾಡೋಕೆ ಜಗಲಿಯಲ್ಲಿ ಎಲ್ರೂ ಕೂತಿದ್ರು, ದೊಡ್ಡಪ್ಪ ಒಂದೊಂದೇ ಮನೆ ಹೆಸರು ಹೇಳ್ತಿದ್ರು, ಬರ್ಕೊಳ್ತಿದ್ದಿದ್ದು ನಾನು, ನನ್ನ ಅಕ್ಷರ ಚಂದ ಅಂತ ಯಾವಾಗ್ಲೂ ನನಗೇ ಕೊಡೋದು. ಅಕ್ಕ ಕಾರವಾರದಲ್ಲಿದ್ಳು, ಬರೋಕೆ ಇನ್ನೂ ಹದಿನೈದು ದಿನ ಇತ್ತು. ಅವ್ರ ಹೆಸರು ಬಂತು. ನಾನು ಬರೀಲಿಲ್ಲ. ನನಗೆ ಕೇಳಿಸ್ಲಿಲ್ಲ ಅನ್ಕೊಂಡು ದೊಡ್ಡಪ್ಪ ಇನ್ನೊಂದು ಸಲ ಹೇಳಿದ್ರು.

"ಅವ್ಕೆ ಹೇಳಿಕೆ ಬೇಡ" ಅಂದೆ.

ಆಯಿ ಅಲ್ಲೇ ಇದ್ಳು, ದೊಡ್ಡಾಯಿ ಇದ್ಳು, ಅಣ್ಣ ಅತ್ತಿಗೆ ಇದ್ರು, ಚಿಕ್ಕಪ್ಪ ಇದ್ರು. ಎಂತಕ್ಕೆ ಅಂತ ಯಾರೂ ಕೇಳ್ಲಿಲ್ಲ. ಒಬ್ರೂ ಕೇಳ್ಲಿಲ್ಲ. ದೊಡ್ಡಪ್ಪ ಕನ್ನಡಕ ತೆಗೆದು ಪಂಚೆ ಅಂಚಲ್ಲಿ ಒರೆಸಿ ಮತ್ತೆ ಹಾಕ್ಕೊಂಡ್ರು, ಮುಂದಿನ ಮನೆ ಹೆಸರು ಹೇಳಿದ್ರು, ನಾನು ಬರ್ಕೊಂಡೆ.